ಪ್ಲೇಟ್ ಹಿಂದೆ ನಿಲ್ಲೋ ಅಂಪೈರಿಗೆ ಯಾವ ಚೆಸ್ಟ್ ಗಾರ್ಡ್ ಸರಿ? ನಮ್ ಮೈಸೂರು ಮಂಡ್ಯ ಬಿಸ್ಲಿನ ಲೆಕ್ಕದಲ್ಲಿ ಒಂದು ಹೋಲಿಕೆ

ಸಾಫ್ಟ್‌ಬಾಲು ಬೇಸ್‌ಬಾಲು ಅಂಪೈರಿಂಗಿಗೆ ಹೊಸದಾಗಿ ನಿಲ್ಲೋ ಹುಡುಗ್ರಾಗ್ಲಿ ಪೀಟಿ ಮೇಷ್ಟ್ರಾಗ್ಲಿ ಮೊದ್ಲು ಕೇಳೋದು ಮಾಸ್ಕ್ ಯಾವ್ದು ತಗೊಳ್ಲಿ ಅಂತ. ಎದೆ ವಿಷ್ಯ ತೆಗೆದ್ರೆ "ಕಿಟ್ಟಲ್ಲಿ ಕ್ಯಾಚರ್‌ದು ಇನ್ನೊಂದು ಪ್ಯಾಡ್ ಇರತ್ತಲ್ಲ ಸಾರ್, ಅದನ್ನೇ ಹಾಕ್ಕೊಂಡ್ರಾಯ್ತು" ಅಂತಾರೆ. ನಮ್ ಕಡೆ ಕಾಲೇಜು ಮ್ಯಾಚುಗಳಲ್ಲಿ ಪ್ಲೇಟ್ (ಬ್ಯಾಟರ್ ನಿಲ್ಲೋ ಜಾಗದ ಪಕ್ಕ ನೆಲದಲ್ಲಿರೋ ಹೋಮ್ ಪ್ಲೇಟ್) ಹಿಂದೆ ನಿಂತಿರೋ ಎಷ್ಟೋ ಜನದ ಮೈಮೇಲಿರೋದು ಅದೇ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಬಾಲ್ ಹಿಡಿಯೋನು) ಪ್ಯಾಡು, ಇನ್ನು ಕೆಲವ್ರ ಮೈಮೇಲೆ ಬರೀ ಶರಟು, ಜೇಬಲ್ಲಿ ಎಣಿಕೆ ಇಡೋ ಕೌಂಟರ್ರು, ಆಮೇಲೆ ಚಾಮುಂಡಿ ತಾಯಿ ಮೇಲೆ ಭಾರ.

ನನ್ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ, ಹೋಲಿಕೆ ಆಮೇಲೆ ನೋಡೋಣ. ಬ್ರಾಂಡು ಎರಡನೇ ಮಾತು ಕಣ್ರೀ. ಕಾಲರ್ ಬೋನೂ ಭುಜದ ತುದಿನೂ ಪೂರ್ತಿ ಮುಚ್ಚತ್ತಾ, ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಶುರುವಾದ ಮ್ಯಾಚಲ್ಲಿ ಕೊನೆ ಇನ್ನಿಂಗ್ಸ್ ತನಕ ಬಿಚ್ಚದೆ ತಡಕೊಳ್ಳೋಕಾಗತ್ತಾ, ಈ ಎರಡು ಪ್ರಶ್ನೆಗೆ ಹೌದು ಅನ್ನೋ ಸಾಮಾನು ಸಿಕ್ರೆ ಅದರ ಮೇಲೆ ಯಾವ ಹೆಸರಿದ್ರೂ ತಗೊಳ್ಳಿ. ಮೂರನೇ ಇನ್ನಿಂಗ್ಸಿಗೆ ಸೆಖೆ ತಡೀಲಾರ್ದೆ ಬಿಚ್ಚಿ ಬೆಂಚಿನ ಮೇಲೆ ಇಟ್ಟ ಗಾರ್ಡು ಎಷ್ಟು ದುಬಾರಿದಾದ್ರೆ ಏನು, ಅದು ಬೆಂಚನ್ನ ಕಾಪಾಡತ್ತೆ ಅಷ್ಟೆ.

ಬಂದು ಬಡಿಯೋದು ಏನು ಅಂತ ಮೊದ್ಲು ನೋಡಿ. ಬೇಸ್‌ಬಾಲ್ ತೂಕ 142ರಿಂದ 149 ಗ್ರಾಂ, ನಮ್ ಕ್ರಿಕೆಟ್ ಬಾಲಿಗಿಂತ ಸ್ವಲ್ಪ ಕಮ್ಮಿ, ಸೈಜು ಹೆಚ್ಚು ಕಮ್ಮಿ ಅದೇ. 12 ಇಂಚು ಸುತ್ತಳತೆಯ ಸಾಫ್ಟ್‌ಬಾಲು 178ರಿಂದ 198 ಗ್ರಾಂ, ಅಂದ್ರೆ ಕ್ರಿಕೆಟ್ ಬಾಲಿಗಿಂತ ಜಾಸ್ತಿ ತೂಕ. ಬೇಸ್‌ಬಾಲಲ್ಲಿ ಪಿಚರ್ (ಬಾಲ್ ಎಸೆಯೋನು) ನಿಲ್ಲೋ ಜಾಗದಿಂದ ಹೋಮ್ ಪ್ಲೇಟಿಗೆ 18.44 ಮೀಟರ್ ದೂರ, ಹೆಣ್ಮಕ್ಕಳ ಫಾಸ್ಟ್‌ಪಿಚ್ (ಜೋರಾಗಿ ಎಸೆಯೋ) ಸಾಫ್ಟ್‌ಬಾಲಲ್ಲಿ 13.11 ಮೀಟರ್ರೇ. ಹಂಗಾಗಿ ಸಾಫ್ಟ್‌ಬಾಲಲ್ಲಿ ಬಾಲ್ ವೇಗ ಕಮ್ಮಿ ಇದ್ರೂ ನಮ್ ಹತ್ರ ಬರೋಕೆ ತಗೊಳ್ಳೋ ಟೈಮು ಹೆಚ್ಚು ಕಮ್ಮಿ ಅಷ್ಟೇ, ಅರ್ಧ ಸೆಕೆಂಡು ಆಸುಪಾಸು. ಹೊಡೆತದ ಲೆಕ್ಕ ಹಾಕಿದ್ರೆ 130 ಕಿಲೋಮೀಟರ್ ವೇಗದ ಬೇಸ್‌ಬಾಲಲ್ಲಿ ಸುಮಾರು 95 ಜೂಲ್ ಶಕ್ತಿ ಇರತ್ತೆ, 95 ಕಿಲೋಮೀಟರಲ್ಲಿ ಬರೋ ಸಾಫ್ಟ್‌ಬಾಲಲ್ಲಿ 65 ಜೂಲ್ ಹತ್ರ. ಸಾಫ್ಟ್‌ಬಾಲಿಗೆ ಇಷ್ಟೆಲ್ಲ ಯಾಕೆ ಸಾರ್ ಅಂತ ಕೇಳೋರಿಗೆ ಈ ಲೆಕ್ಕ ಸಾಕು ಅನ್ಸತ್ತೆ.

ನೇರ ಬರೋ ಪಿಚ್ಚನ್ನ, ಅಂದ್ರೆ ಪಿಚರ್ ಎಸೆದ ಬಾಲನ್ನ, ಕ್ಯಾಚರ್ ಹಿಡೀತಾನೆ, ಅದಕ್ಕೆ ಅಂಪೈರ್ ಹೆದರಬೇಕಿಲ್ಲ. ಹೆದರಬೇಕಾಗಿರೋದು ಬ್ಯಾಟಿಗೆ ಸವರ್ಕೊಂಡು ದಾರಿ ತಪ್ಪಿ ಹಿಂದಕ್ಕೆ ಬರೋ ಫೌಲ್ ಬಾಲಿಗೆ. ಬ್ಯಾಟಿಂದ ನಮ್ ಎದೆಗೆ ಎರಡು ಮೀಟರ್ ಅಂತ ಇಟ್ಕೊಳ್ಳಿ, ಆ ಬೇಸ್‌ಬಾಲು ಅಷ್ಟು ದೂರ ಬರೋಕೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸಾಕು, ಮನುಷ್ಯ ನೋಡಿ ಅಲ್ಲಾಡೋಕೆ ಅದರ ನಾಕು ಪಟ್ಟು ಬೇಕು. ಅಂದ್ರೆ ತಪ್ಪಿಸ್ಕೊಳ್ಳೋ ಮಾತೇ ಇಲ್ಲ. ಎಷ್ಟೇ ಸೀನಿಯರ್ ಆಗಿದ್ರೂ, ಕ್ರಿಕೆಟ್ಟಲ್ಲಿ ಸ್ಲಿಪ್ಪಲ್ಲಿ ಕ್ಯಾಚ್ ಹಿಡಿದು ಹಿಡಿದು ಹೆಸರು ಮಾಡಿದ್ರೂ ಅಷ್ಟೆ. ಎದೆ ಕೊಟ್ಟು ನಿಲ್ಲಬೇಕು, ಮೈ ತಿರುಗಿಸಬಾರದು, ಯಾಕಂದ್ರೆ ತಿರುಗಿಸಿದ ಕ್ಷಣವೇ ಗಾರ್ಡ್ ಇಲ್ಲದ ಪಕ್ಕೆ, ತೋಳು, ಬೆನ್ನು ಎದುರಿಗೆ ಬರತ್ತೆ.

ಈಗ ಆ ಕಿಟ್ ಬ್ಯಾಗಿನ ಕ್ಯಾಚರ್ ಪ್ಯಾಡಿಗೆ ಬರೋಣ. ಅದು ಕೆಟ್ಟದ್ದು ಅಂತ ಅಲ್ಲ, ಅದರ ಕೆಲಸವೇ ಬೇರೆ. ಕ್ಯಾಚರಿಗೆ ಬೇಕಾಗಿರೋದು ಬಾಲು ಎದೆಗೆ ಬಿದ್ದು ಅಲ್ಲೇ ಮುಂದೆ ಸತ್ತು ಬೀಳೋದು, ಪುಟಿದು ದೂರ ಹೋದ್ರೆ ಬೇಸಲ್ಲಿರೋ ರನ್ನರ್ ಓಡ್ಬಿಡ್ತಾನೆ. ಅದಕ್ಕೇ ಕ್ಯಾಚರ್ ಪ್ಯಾಡು ಪೂರ್ತಿ ಮೆತ್ತನೆ ಫೋಮು, ಮಡಚಿದ್ರೆ ಮಡಚ್ಕೊಳ್ಳತ್ತೆ, ಕೂತು ಎದ್ದು ಎಸೆಯೋಕೆ ಅಡ್ಡ ಬರಲ್ಲ. ಜೊತೆಗೆ ಕ್ಯಾಚರ್ ಕುಕ್ಕರಗಾಲಲ್ಲಿ ಕೂತಿರ್ತಾನೆ, ಮುಂದೆ ಗ್ಲೌಸು ಇರತ್ತೆ, ಎಸೆಯೋ ಕೈ ಕಡೆ ಭುಜ ಬಿಡುವಾಗಿರಲಿ ಅಂತ ಆ ಕಡೆ ಪ್ಯಾಡನ್ನ ಕತ್ತರಿಸಿರ್ತಾರೆ. ಅಂಪೈರ್ ಅವನ ತಲೆ ಮೇಲಿಂದ ನೋಡ್ಕೊಂಡು ನಿಂತಿರ್ತಾನೆ, ಮುಂದೆ ಗ್ಲೌಸಿಲ್ಲ, ಬ್ಯಾಟರ್ ಕಡೆಗಿರೋ ಭುಜವಂತೂ ಬಯಲು. ಅಂದ್ರೆ ಕ್ಯಾಚರ್ ಪ್ಯಾಡು ಎಲ್ಲಿ ಮುಗಿಯತ್ತೋ ಅಂಪೈರಿಗೆ ಪೆಟ್ಟು ಬೀಳೋದು ಸರಿಯಾಗಿ ಅಲ್ಲಿಂದಾನೇ ಶುರು.

ಇನ್ನೊಂದು ತಮಾಷೆ ಗೊತ್ತಾ, ಕ್ಯಾಚರ್ ಪ್ಯಾಡನ್ನ ಶರಟಿನ ಮೇಲೆ ಸಡಿಲವಾಗಿ ಕಟ್ಕೊಂಡಾಗ ಬಾಲು ಪ್ಯಾಡಿಗೂ ಹೊಟ್ಟೆಗೂ ನಡುವೆ ಹೋಗಿ ಕೂತ್ಕೊಳ್ಳೋ ಚಾನ್ಸ್ ಇರತ್ತೆ. ಬೇಸ್‌ಬಾಲ್ ರೂಲಲ್ಲಿ ಪಿಚರ್ ಎಸೆದ ಬಾಲು ಅಂಪೈರ್ ಮಾಸ್ಕಲ್ಲೋ ಸಾಮಾನಲ್ಲೋ ಸಿಕ್ಕಾಕೊಂಡ್ರೆ ರನ್ನರುಗಳಿಗೆ ಒಂದೊಂದು ಬೇಸ್ ಕೊಡ್ಬೇಕು. ನಿಮ್ ಪ್ಯಾಡಿಂದ ಒಂದು ಟೀಮಿಗೆ ರನ್ ಬಂತು ಅಂದ್ಮೇಲೆ ಆಚೆ ಟೀಮಿನ ಕೋಚು ಏನಂತಾರೆ ಅಂತ ನಾನು ಹೇಳಬೇಕಾ.

ಕ್ರಿಕೆಟ್ ಚೆಸ್ಟ್ ಗಾರ್ಡ್ ಹಾಕ್ಕೊಂಡು ಬರೋರೂ ಇದಾರೆ, ಮೈಸೂರಲ್ಲಿ ಸ್ಪೋರ್ಟ್ಸ್ ಅಂಗಡಿಗೆ ಹೋದ ತಕ್ಷಣ ಸಿಗೋದು ಅದೇ ಒಂದು ತಾನೇ. ಬ್ಯಾಟ್ಸ್‌ಮನ್ ಪಕ್ಕಕ್ಕೆ ತಿರುಗಿ ನಿಲ್ತಾನೆ, ಅವನ ಎದೆಯ ಒಂದು ಕಡೆ ಮಾತ್ರ ಬೌಲರ್ ಕಡೆಗಿರತ್ತೆ, ಆ ಗಾರ್ಡೂ ಆ ಒಂದು ಕಡೆಗೆ ಮಾಡಿದ್ದು. ಪ್ಲೇಟ್ ಅಂಪೈರ್ ನೆಟ್ಟಗೆ ಎದುರು ನಿಲ್ತಾನೆ. ಅರ್ಧ ಎದೆ ಮುಚ್ಕೊಂಡು ಅರ್ಧ ಬಿಟ್ಟಂಗಾಗತ್ತೆ, ಕಾಲರ್ ಬೋನು ಭುಜ ಎರಡೂ ಲೆಕ್ಕಕ್ಕೇ ಇಲ್ಲ. ಏನೂ ಇಲ್ದೇ ಇರೋದಕ್ಕಿಂತ ವಾಸಿ, ಅಷ್ಟೇ ಅದಕ್ಕೆ ಕೊಡಬಹುದಾದ ಮಾರ್ಕು. ಕ್ರಿಕೆಟ್ ಅಂಪೈರುಗಳ ಕಥೆಯೂ ಏನು ಹಗುರ ಅಲ್ಲ ಬಿಡಿ, 2014ರ ನವೆಂಬರಲ್ಲಿ ಇಸ್ರೇಲಲ್ಲಿ ಹಿಲ್ಲೆಲ್ ಆಸ್ಕರ್ ಅನ್ನೋ ಅಂಪೈರ್ ಬಾಲ್ ಬಡಿದು ತೀರ್ಕೊಂಡ್ರು, 2015ರಲ್ಲಿ ದಿಂಡಿಗಲ್ ರಣಜಿ ಮ್ಯಾಚಲ್ಲಿ ಆಸ್ಟ್ರೇಲಿಯಾದ ಜಾನ್ ವಾರ್ಡ್ ತಲೆಗೆ ಪೆಟ್ಟು ಬಿದ್ಮೇಲೆ ಅವ್ರು 2016ರ ಜನವರಿಲಿ ಹೆಲ್ಮೆಟ್ ಹಾಕ್ಕೊಂಡೇ ಅಂಪೈರಿಂಗಿಗೆ ಇಳಿದ್ರು. ಅವ್ರು ಇಪ್ಪತ್ತು ಮೀಟರ್ ದೂರ ನಿಂತಿರ್ತಾರೆ, ನಾವು ಎರಡು ಮೀಟರ್.

ಬೈಕ್ ರೈಡಿಂಗ್ ಆರ್ಮರ್ ಹೆಂಗೆ ಅಂತ ಈಚೆಗೆ ಹುಡುಗ್ರು ಕೇಳ್ತಾರೆ, ಮನೇಲಿ ಜಾಕೆಟ್ ಇದೆಯಂತೆ, ಎದೆಗೆ ಪ್ಲೇಟೂ ಇದೆಯಂತೆ. ಅದಕ್ಕೆ ಇರೋ ಇಎನ್ 1621-3 ಅನ್ನೋ ಟೆಸ್ಟು ಬೈಕ್ ಆಕ್ಸಿಡೆಂಟಿಗೆ, ಬಾಲಿಗಲ್ಲ. ಎದೆ ನಡುವೆ ಪರವಾಗಿಲ್ಲ, ಭುಜದ ತುದಿಲೂ ಏನೋ ಇರತ್ತೆ, ಆದ್ರೆ ಆ ಎರಡರ ನಡುವೆ ಕಾಲರ್ ಬೋನ್ ಮೇಲೆ ಬರೀ ಬಟ್ಟೆ. ಮಂಡ್ಯ ಬಿಸ್ಲಲ್ಲಿ ರೈಡಿಂಗ್ ಜಾಕೆಟ್ ಹಾಕ್ಕೊಂಡು ಎರಡು ಗಂಟೆ ನಿಲ್ತೀನಿ ಅನ್ನೋರು ಇದ್ರೆ ಅವ್ರಿಗೆ ನನ್ ಕಡೆಯಿಂದ ಒಂದು ನಮಸ್ಕಾರ.

ಸರಿ, ಅಂಪೈರಿಗೆ ಅಂತಾನೇ ಮಾಡಿರೋದಕ್ಕೆ ಬರೋಣ, ಇಲ್ಲೇ ಹೋಲಿಕೆ ಮಾಡೋಕೆ ವಿಷ್ಯ ಜಾಸ್ತಿ ಇರೋದು.

ಹಿಂದೆ ಅಮೆರಿಕದ ದೊಡ್ಡ ಮಟ್ಟದ ಬೇಸ್‌ಬಾಲಲ್ಲಿ ಎರಡು ಲೀಗಿಗೆ ಎರಡು ಪದ್ಧತಿ ಇತ್ತು. ಅಮೆರಿಕನ್ ಲೀಗಿನ ಅಂಪೈರುಗಳು ಗಾಳಿ ತುಂಬಿದ ದೊಡ್ಡ ದಿಂಬಿನಂಥದ್ದನ್ನ ಮೈ ಹೊರಗೆ ಕೈಯಲ್ಲಿ ಹಿಡ್ಕೊಂಡು ಅದರ ಹಿಂದೆ ನಿಲ್ತಿದ್ರು, ಬಲೂನ್ ಅಂತಿದ್ರು ಅದಕ್ಕೆ. ನ್ಯಾಷನಲ್ ಲೀಗಲ್ಲಿ ಬಿಲ್ ಕ್ಲೆಮ್ ಅನ್ನೋ ದೊಡ್ಡ ಅಂಪೈರ್ ಕೋಟಿನ ಒಳಗೆ ಹಾಕೋ ಗಾರ್ಡಿಗೆ ದಾರಿ ಮಾಡಿದ್ರು. ಬಲೂನ್ ಹಿಡ್ಕೊಂಡ್ರೆ ಬಗ್ಗೋಕಾಗಲ್ಲ, ಕ್ಯಾಚರ್ ತಲೆ ಮೇಲಿಂದಾನೇ ನೋಡಬೇಕು, ಕೆಳಗಿನ ಸ್ಟ್ರೈಕ್ (ಬ್ಯಾಟರ್ ಹೊಡೀಬಹುದಾದ ಜಾಗದೊಳಗೆ ಬಂದ ಪಿಚ್ಚು) ಸರಿಯಾಗಿ ಕಾಣಲ್ಲ. ಒಳಗಿನ ಗಾರ್ಡ್ ಆದ್ರೆ ಬ್ಯಾಟರಿಗೂ ಕ್ಯಾಚರಿಗೂ ನಡುವಿನ ಸಂದಿಯಲ್ಲಿ ಕೆಳಗೆ ಬಗ್ಗಿ ನಿಲ್ಲಬಹುದು. 1977ರಿಂದ ಅಮೆರಿಕನ್ ಲೀಗಿಗೆ ಹೊಸದಾಗಿ ಬರೋರೆಲ್ಲ ಒಳಗಿನದ್ದೇ ಹಾಕಬೇಕು ಅಂತಾಯ್ತು, ಹಳಬರಿಗೆ ವಿನಾಯಿತಿ ಇತ್ತು, ಜೆರ್ರಿ ನ್ಯೂಡೆಕರ್ ಒಬ್ರು ಮಾತ್ರ 1985ರಲ್ಲಿ ನಿವೃತ್ತಿ ಆಗೋ ತನಕ ಬಲೂನ್ ಬಿಡ್ಲಿಲ್ಲ. ಈ ಹಳೇ ಕಥೆ ಯಾಕೆ ಹೇಳಿದ್ನಪ್ಪಾ ಅಂದ್ರೆ, ಗಾರ್ಡ್ ಬರೀ ಪೆಟ್ಟಿಗಲ್ಲ, ನೀವು ಹೆಂಗೆ ನಿಲ್ತೀರಿ, ನಿಮ್ಗೆ ಏನು ಕಾಣತ್ತೆ ಅನ್ನೋದನ್ನೂ ಅದೇ ತೀರ್ಮಾನ ಮಾಡತ್ತೆ. ಕುತ್ತಿಗೆಗೆ ಚುಚ್ಚೋ ಗಾರ್ಡ್ ಹಾಕ್ಕೊಂಡೋರು ತಮಗೆ ಗೊತ್ತಿಲ್ದಂಗೇ ಒಂದೊಂದೇ ಇಂಚು ಮೇಲೆದ್ದು ನಿಲ್ತಾರೆ, ಮೊಣಕಾಲ ಹತ್ರದ ಸ್ಟ್ರೈಕೆಲ್ಲ "ಬಾಲ್", ಅಂದ್ರೆ ಜಾಗದಾಚೆ ಹೋದ ಪಿಚ್ಚು, ಅಂತ ಆಗ್ತಾ ಹೋಗತ್ತೆ.

ಈಗಿನ ಒಳಗಿನ ಗಾರ್ಡಲ್ಲಿ ಎರಡು ಜಾತಿ. ಒಂದು ಗಟ್ಟಿ ಪ್ಲಾಸ್ಟಿಕ್ ಪ್ಲೇಟು ಮೇಲೆ, ಅದರ ಕೆಳಗೆ ಫೋಮು. ಇನ್ನೊಂದು ಪ್ಲೇಟಿಲ್ಲದೆ ಬರೀ ಫೋಮು, ತೆಳ್ಳಗಿರತ್ತೆ, ಶರಟಿನೊಳಗೆ ಹಾಕಿದ್ರೆ ಗೊತ್ತೇ ಆಗಲ್ಲ. ಪ್ಲೇಟಿನ ಕೆಲಸ ಪೆಟ್ಟನ್ನ ಅಗಲಕ್ಕೆ ಹರಡೋದು, ಫೋಮಿನ ಕೆಲಸ ಆ ಪೆಟ್ಟಿಗೆ ನಿಲ್ಲೋಕೆ ಸ್ವಲ್ಪ ಟೈಮು ಕೊಡೋದು. ಎರಡೂ ಇದ್ರೆ ಎದೆಗೆ "ಡಬ್" ಅಂತ ಸದ್ದು ಬರತ್ತೆ, ಒಂದು ಹೆಜ್ಜೆ ಹಿಂದಕ್ಕೆ ಹೋಗ್ತೀವಿ, ಆಟ ಮುಂದುವರಿಯತ್ತೆ. ಬರೀ ಫೋಮಾದ್ರೆ ಜೋರು ಪೆಟ್ಟಿಗೆ ಅದು ಪೂರ್ತಿ ಅಮುಕಿಕೊಂಡು ತಳ ಮುಟ್ಟತ್ತೆ, ಮಿಕ್ಕಿದ್ದು ಮೂಳೆಗೆ. ಶಾಲಾ ಮಕ್ಕಳ ಮ್ಯಾಚಿಗೆ ಫೋಮ್ ಗಾರ್ಡ್ ಸಾಕು, ಅದು ಹಗುರ, ಗಾಳಿಯೂ ಆಡತ್ತೆ, ಎಷ್ಟೋ ಜನಕ್ಕೆ ಅದೇ ಸರಿ. ಯೂನಿವರ್ಸಿಟಿ ಮಟ್ಟದ ಬೇಸ್‌ಬಾಲಿಗೆ ಗಟ್ಟಿ ಪ್ಲೇಟ್ ಇಲ್ದೆ ನಿಲ್ಲಬೇಡಿ, ಈ ವಿಷ್ಯದಲ್ಲಿ ನಾನು ಚೌಕಾಸಿಗೆ ಬರಲ್ಲ. ಗಂಡು ಮಕ್ಕಳ ಫಾಸ್ಟ್‌ಪಿಚ್ಚಿಗೂ ಅದೇ ಮಾತು.

ಗಟ್ಟಿ ಪ್ಲೇಟಿನವುಗಳಲ್ಲಿ ಹೆಸರು ಕೇಳಿಬರೋದು ವಿಲ್ಸನ್ ಕಂಪನಿಯ ವೆಸ್ಟ್ ವೆಸ್ಟ್, ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಅಂಪೈರ್ ಜೋ ವೆಸ್ಟ್ ಡಿಸೈನಲ್ಲಿ ಕೈಯಾಡಿಸಿದ್ದಕ್ಕೆ ಆ ಹೆಸರು. ಆ ಮನುಷ್ಯ 2021ರಲ್ಲಿ ಅತಿ ಹೆಚ್ಚು ಮ್ಯಾಚಿನ ಬಿಲ್ ಕ್ಲೆಮ್ ದಾಖಲೆ ಮುರಿದು, 5,460 ಮ್ಯಾಚ್ ಮುಗಿಸಿ ನಿವೃತ್ತಿ ಆದ್ರು, ಅಷ್ಟು ದಿನ ಪ್ಲೇಟ್ ಹಿಂದೆ ನಿಂತೋರಿಗೆ ಎಲ್ಲೆಲ್ಲಿ ಪೆಟ್ಟು ಬೀಳತ್ತೆ ಅಂತ ಯಾರೂ ಹೇಳ್ಕೊಡಬೇಕಿಲ್ಲ. ಅದರಲ್ಲಿ ಗೋಲ್ಡ್ ಅಂತ ಒಂದು, ಪ್ಲಾಟಿನಮ್ ಅಂತ ಒಂದು. ಗೋಲ್ಡು ಸ್ವಲ್ಪ ಚಪ್ಪಟೆ, ಮೈಗೆ ಅಂಟಿಕೊಂಡು ಕೂರತ್ತೆ, ಶರಟಿನ ಮೇಲೆ ಉಬ್ಬಿ ಕಾಣಲ್ಲ. ಪ್ಲಾಟಿನಮ್ಮು ಪಕ್ಕೆಯನ್ನ ಹೆಚ್ಚು ಸುತ್ತುಹಾಕತ್ತೆ, ನೋಡೋಕೂ ದಪ್ಪ. ನನಗೆ ಕೇಳಿದ್ರೆ ನಮ್ ಹವಾಕ್ಕೆ ಗೋಲ್ಡೇ ವಾಸಿ, ಪಕ್ಕೆಗೆ ಪೆಟ್ಟು ಬೀಳೋದು ಕಮ್ಮಿ, ನೆಟ್ಟಗೆ ನಿಂತ್ಕೊಳ್ಳೋಕೆ ಕಲಿತ್ರೆ ಇನ್ನೂ ಕಮ್ಮಿ, ಆದ್ರೆ ಪಕ್ಕೆ ಮುಚ್ಚಿದ್ರೆ ಬೆವರು ಹೋಗೋ ದಾರಿ ಮುಚ್ಚಿತು ಅಂತ್ಲೇ. ದಪ್ಪ ಮೈಯೋರಿಗೆ, ಪಕ್ಕೆಗೆ ಹಿಂದೆ ಪೆಟ್ಟಾಗಿರೋರಿಗೆ ಪ್ಲಾಟಿನಮ್ ಸರಿ ಹೋಗಬಹುದು.

ಫೋರ್ಸ್3 ಅಂತ ಒಂದಿದೆ, ಚಿಕ್ಕ ಲೀಗುಗಳಲ್ಲಿ ಅಂಪೈರ್ ಆಗಿದ್ದ ಜೇಸನ್ ಕ್ಲೈನ್ ಶುರು ಮಾಡಿದ್ದು, ಸ್ಪ್ರಿಂಗ್ ಇರೋ ಮಾಸ್ಕಿಂದ ಹೆಸರಾಯ್ತು, ಅವರ ಚೆಸ್ಟ್ ಗಾರ್ಡಲ್ಲಿ ಕೆವ್ಲಾರ್ (ಬುಲೆಟ್‌ಪ್ರೂಫ್ ಜಾಕೆಟ್ಟಿಗೆ ಹಾಕೋ ಗಟ್ಟಿ ನಾರು) ಪದರ ಇರತ್ತೆ. ಬೆಲೆಯಲ್ಲಿ ಮೇಲಿನ ಸಾಲು. ಡಗ್ಲಸ್ ಅನ್ನೋರು ಅಮೆರಿಕನ್ ಫುಟ್‌ಬಾಲಿಗೆ ಭುಜದ ಪ್ಯಾಡ್ ಮಾಡೋ ಟೆಕ್ಸಸ್ ಕಂಪನಿ, ಅವರ ಅಂಪೈರ್ ಗಾರ್ಡೂ ಅದೇ ಜಾಯಮಾನದ್ದು, ಮಜಬೂತು, ಮೈ ತುಂಬ. ಶಟ್ ಕಂಪನಿಯೂ ಫುಟ್‌ಬಾಲ್ ಕಡೆಯಿಂದ ಬಂದಿದ್ದೇ. ಚಾಂಪ್ರೋ ಕಮ್ಮಿ ಬೆಲೆಯ ಸಾಲಲ್ಲಿ ಬರತ್ತೆ, ಫೋಮು ಅಷ್ಟು ಉತ್ತಮದ್ದಲ್ಲ, ಮೂಲೆ ಸ್ವಲ್ಪ ಒರಟು, ಆದ್ರೆ ಪ್ಲೇಟು ಇದೆ, ಭುಜಕ್ಕೆ ಟೋಪಿ ಇದೆ, ಕಾಲರ್ ಬೋನ್ ಮುಚ್ಚತ್ತೆ. ವರ್ಷಕ್ಕೆ ನಾಕಾರು ಟೂರ್ನಮೆಂಟಿಗೆ ನಿಲ್ಲೋ ಪೀಟಿ ಮೇಷ್ಟ್ರಿಗೆ ಕೆವ್ಲಾರ್ ಯಾಕೆ ಸ್ವಾಮಿ, ಚಾಂಪ್ರೋ ಥರದ್ದು ತಗೊಂಡು ಉಳಿದ ದುಡ್ಡಲ್ಲಿ ಒಳ್ಳೇ ಮಾಸ್ಕು, ಅದಕ್ಕೆ ನೇತಾಡೋ ಗಂಟಲು ಗಾರ್ಡು, ಶಿನ್ ಗಾರ್ಡು ತಗೊಳ್ಳಿ. ತಿಂಗಳಾನುಗಟ್ಟಲೆ ಇದನ್ನೇ ಮಾಡೋರು, ಬೇರೆ ರಾಜ್ಯಕ್ಕೆಲ್ಲ ನ್ಯಾಷನಲ್ಸಿಗೆ ಹೋಗಿ ದಿನಕ್ಕೆ ಎರಡು ಮ್ಯಾಚಿಗೆ ಪ್ಲೇಟ್ ಹಿಂದೆ ನಿಲ್ಲೋರು ಮಾತ್ರ ಮೇಲಿನ ಸಾಲಿನ ಬಗ್ಗೆ ಯೋಚನೆ ಮಾಡಿದ್ರೆ ಸಾಕು.

ಸೆಖೆ ವಿಷ್ಯ ಬಿಟ್ಟು ಹೋಗೋಕಾಗಲ್ಲ. ಮಂಡ್ಯ ವಿಶ್ವೇಶ್ವರಯ್ಯ ಸ್ಟೇಡಿಯಮ್ಮಲ್ಲಿ ಏಪ್ರಿಲಲ್ಲಿ ಮಧ್ಯಾಹ್ನ ನಿಂತು ನೋಡಿ, 35 ಡಿಗ್ರಿ ದಾಟಿರತ್ತೆ, ಗಾಳಿ ಅಂದ್ರೆ ಬಿಸಿ ಗಾಳಿ. ಒಬ್ಬ ಹುಡುಗ ಪ್ಯಾಡ್ ಬಿಚ್ತಾ "ಬ್ಯಾಡ ಬುಡಣ್ಣ, ಬೆಂದೋಯ್ತಾ ಇವ್ನಿ" ಅಂದಾಗ ಅಲ್ಲಿದ್ದ ಹಿರಿಯರು ಕೊಟ್ಟ ಉತ್ತರ, "ಕಾಲರ್ ಬೋನ್ ಮುರುದ್ರೆ ಬಿಸ್ಲು ತಣ್ಗಾಯ್ತದೇನ್ಲಾ?" ಮಾತು ಖರೆ, ಆದ್ರೆ ಹುಡುಗ ಬೇಯ್ತಿದ್ದಿದ್ದೂ ಖರೆ. ಹಂಗಾಗಿ ಗಾರ್ಡ್ ತಗೊಳ್ಳೋವಾಗ ಒಳಗಿನ ಲೈನಿಂಗ್ ನೋಡಿ, ಜಾಲರಿ ಬಟ್ಟೆ ಇದ್ದು ಫೋಮಲ್ಲಿ ತೂತೋ ಕಾಲುವೆಯೋ ಇದ್ರೆ ಗಾಳಿ ಓಡಾಡತ್ತೆ. ಒಳಗಿನ ಪ್ಯಾಡು ವೆಲ್ಕ್ರೋದಲ್ಲಿ ಬಿಚ್ಚಿ ತೊಳೆಯೋ ಥರ ಇದ್ರೆ ಇನ್ನೂ ಒಳ್ಳೇದು. ಕೆಳಗೆ ಕಾಟನ್ ಬನಿಯನ್ ಹಾಕಬೇಡಿ, ಅದು ಬೆವರು ಕುಡಿದು ಒದ್ದೆ ಗೋಣಿಚೀಲ ಆಗತ್ತೆ, ಬೇಗ ಒಣಗೋ ಪಾಲಿಯೆಸ್ಟರ್ ಟೀ ಶರ್ಟ್ ಹಾಕಿ. ಇನ್ನೊಂದು ಸೂಕ್ಷ್ಮ ಇದೆ: ನಿಧಾನಕ್ಕೆ ಉಬ್ಬೋ ಮೆಮೊರಿ ಫೋಮ್ ಥರದ್ದು ಬಿಸಿಗೆ ಮೆತ್ತಗಾಗತ್ತೆ, ಚಳಿಗೆ ಗಟ್ಟಿಯಾಗತ್ತೆ. ಬಿಸ್ಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬಿದ್ದಿದ್ದ ಗಾರ್ಡನ್ನ ತೆಗೆದು ಹಂಗೇ ಹಾಕ್ಕೊಂಡ್ರೆ ಅದು ಅಂಗಡೀಲಿ ಕೈಯಿಟ್ಟು ನೋಡಿದ ಗಾರ್ಡಲ್ಲ. ನೆರಳಲ್ಲಿ ಇಟ್ಕೊಂಡಿರಿ, ಮ್ಯಾಚಿನ ಹೊತ್ತಿಗಷ್ಟೇ ಹಾಕಿ.

ಈಗ ಅಳತೆ. ಅಂಪೈರ್ ಗಾರ್ಡಿನ ಸೈಜು ಉದ್ದದ ಇಂಚಿನಲ್ಲಿರತ್ತೆ, ಎದೆ ಸುತ್ತಳತೆಯಲ್ಲಲ್ಲ, ಹಂಗಾಗಿ ಶರಟಿನ ಸೈಜು ಹೇಳಿ ಆರ್ಡರ್ ಮಾಡಬೇಡಿ. ಪ್ಲೇಟ್ ಹಿಂದೆ ನಿಲ್ಲೋ ಹಂಗೆ ಬಗ್ಗಿ ನಿಂತ್ಕೊಂಡು, ಗಂಟಲ ಕೆಳಗಿನ ಗುಳಿಯಿಂದ ಹೊಕ್ಕುಳಿಗೆ ಸ್ವಲ್ಪ ಮೇಲಕ್ಕೆ ಟೇಪ್ ಹಿಡಿಸಿ. ನೆಟ್ಟಗೆ ನಿಂತು ಅಳತೆ ತಗೊಂಡ್ರೆ ಉದ್ದದ್ದು ತರಿಸ್ತೀರಿ, ಬಗ್ಗಿದ ತಕ್ಷಣ ಅದು ಮೇಲಕ್ಕೆ ಸರಿದು ಗಂಟಲಿಗೆ ಒತ್ತತ್ತೆ.

ಬಂದ್ಮೇಲೆ ಮನೇಲಿ ಹಿಂಗೆ ನೋಡಿ. ಗಾರ್ಡ್ ಕಟ್ಕೊಂಡು ಮಾಸ್ಕ್ ಹಾಕಿ ಬಗ್ಗಿ ನಿಂತ್ಕೊಳ್ಳಿ, ಯಾರಾದ್ರೂ ತಮ್ಮನೋ ಮಗನೋ ಒಂದು ಕ್ರಿಕೆಟ್ ಬಾಲ್ ತಗೊಂಡು ನಿಮ್ ಕಾಲರ್ ಬೋನ್ ಉದ್ದಕ್ಕೂ, ಎದೆ ಪ್ಲೇಟೂ ಭುಜದ ಟೋಪಿಯೂ ಸೇರೋ ಜಾಗದಲ್ಲಿ, ಕಂಕುಳ ಮುಂಭಾಗದಲ್ಲಿ ಮೆಲ್ಲಗೆ ಒತ್ತುತಾ ಬರಲಿ. ಎಲ್ಲಾದ್ರೂ ಬಾಲು ಪ್ಲೇಟಿಗೆ ತಾಗದೆ ನೇರ ಮೈಗೆ ತಾಗ್ತಾ ಇದ್ರೆ ಅದೇ ಜಾಗಕ್ಕೆ ಒಂದಿನ ಫೌಲ್ ಬಾಲು ಬರತ್ತೆ. ಕ್ರಿಕೆಟ್ ಬಾಲು ಬೇಸ್‌ಬಾಲೂ ಹತ್ತಿರತ್ತಿರ ಒಂದೇ ಗಾತ್ರ, ಏಳು ಸೆಂಟಿಮೀಟರ್ ಚಿಲ್ಲರೆ ಅಡ್ಡಳತೆ, ಸಾಫ್ಟ್‌ಬಾಲು ಹತ್ತಕ್ಕೆ ಸ್ವಲ್ಪ ಕಮ್ಮಿ. ಸಾಫ್ಟ್‌ಬಾಲ್ ನುಗ್ಗದ ಸಂದಿಯಲ್ಲಿ ಬೇಸ್‌ಬಾಲ್ ಆರಾಮಾಗಿ ನುಗ್ಗತ್ತೆ, ಅದಕ್ಕೇ ಚಿಕ್ಕ ಬಾಲಲ್ಲೇ ನೋಡಿ ಅಂದಿದ್ದು. ಸಂದಿ ಕಂಡ್ರೆ ಮೊದ್ಲು ಬೆನ್ನಿನ ಪಟ್ಟಿ ಬಿಗಿ ಮಾಡಿ, ನೂರಕ್ಕೆ ತೊಂಬತ್ತು ಸಲ ಪಟ್ಟಿ ಸಡಿಲ ಇರೋದೇ ಕಾರಣ. ಬೆನ್ನಿನ ಪಟ್ಟಿ ಸಡಿಲ ಇದ್ರೆ ಗಾರ್ಡು ಮುಂದಕ್ಕೆ ಜೋತು ಬಿದ್ದು ಕಾಲರ್ ಬೋನ್ ಬಿಟ್ಟು ಕೆಳಗಿಳಿಯತ್ತೆ. ತೀರಾ ಬಿಗಿ ಮಾಡಿದ್ರೆ ಮೂರನೇ ಇನ್ನಿಂಗ್ಸಿಗೆ ಉಸಿರು ಕಟ್ಟತ್ತೆ, ಒಂದು ಕೈ ಬೆರಳು ಒಳಗೆ ತೂರೋ ಅಷ್ಟು ಬಿಡಿ.

ಸಂದಿಗೆ ಸ್ಪಂಜು ತುಂಬಿಸೋಣ ಅಂತ ಕುಶನ್ ಅಂಗಡಿಗೆ ಹೋಗಬೇಡಿ. ಸೀಟಿಗೆ ಹಾಕೋ ಸ್ಪಂಜು ಕೈಗೆ ಹಿತವಾಗಿರತ್ತೆ, ಬಾಲಿಗೆ ಅದು ಇದ್ದೂ ಇಲ್ಲದಂಗೆ.

ಹೆಣ್ಮಕ್ಕಳು ಅಂಪೈರಿಂಗಿಗೆ ಬರ್ತಾ ಇದಾರೆ, ಸಾಫ್ಟ್‌ಬಾಲಲ್ಲಂತೂ ಆಡಿ ಬಿಟ್ಟ ಹುಡುಗೀರು ಒಳ್ಳೊಳ್ಳೇ ಅಂಪೈರುಗಳಾಗಿದಾರೆ. ಗಟ್ಟಿ ಪ್ಲೇಟಿನ ಗಾರ್ಡುಗಳು ಬಹುಮಟ್ಟಿಗೆ ಗಂಡಸರ ಎದೆ ಅಳತೆಗೆ ಮಾಡಿದ್ದು, ಚಪ್ಪಟೆ ಒಂದೇ ಪ್ಲೇಟ್ ಇರೋದು ಅವ್ರಿಗೆ ಎದೆ ಮೇಲೆ ಒತ್ತಿ ಕಾಲರ್ ಬೋನ್ ಹತ್ರ ಎದ್ದು ನಿಲ್ಲತ್ತೆ. ಒಂದೇ ದೊಡ್ಡ ಪ್ಲೇಟಿಗಿಂತ ತುಂಡು ತುಂಡು ಪ್ಲೇಟುಗಳು ಬೇರೆ ಬೇರೆಯಾಗಿ ಅಲ್ಲಾಡೋ ಡಿಸೈನು ಅವ್ರಿಗೆ ಚೆನ್ನಾಗಿ ಕೂರತ್ತೆ, ಒಂದು ಸೈಜು ಚಿಕ್ಕದು, ಉದ್ದನೆ ಪಟ್ಟಿ. ಆನ್‌ಲೈನಲ್ಲಿ ಫೋಟೋ ನೋಡಿ ತರಿಸೋದಕ್ಕಿಂತ ಯಾರದ್ದಾದ್ರೂ ಹಾಕ್ಕೊಂಡು ನೋಡಿ ತೀರ್ಮಾನ ಮಾಡೋದು ವಾಸಿ.

ಹೃದಯದ ಮಾತು ಒಂದಿದೆ, ಇದನ್ನ ಮಾತ್ರ ತಮಾಷೆ ಬಿಟ್ಟು ಓದಿ. ಎದೆಗೆ ಬಾಲು ಬಿದ್ದು, ಮೂಳೆ ಮುರೀದೆ, ರಕ್ತ ಬರದೆ, ಹೃದಯ ಮಾತ್ರ ಲಯ ತಪ್ಪಿ ಆಟಗಾರ ಕುಸಿದು ಬೀಳೋದುಂಟು, ಡಾಕ್ಟ್ರು ಅದಕ್ಕೆ ಕಮೋಷಿಯೋ ಕಾರ್ಡಿಸ್ ಅಂತಾರೆ. ಹೃದಯದ ಒಂದೊಂದು ಬಡಿತದಲ್ಲೂ ಒಂದು ಸೆಕೆಂಡಿನ ನೂರನೇ ಭಾಗದ ಲೆಕ್ಕದ ಚಿಕ್ಕ ಕಿಂಡಿ ಇರತ್ತೆ, ಪೆಟ್ಟು ಸರಿಯಾಗಿ ಹೃದಯದ ಮೇಲೆ, ಸರಿಯಾಗಿ ಆ ಹೊತ್ತಿಗೆ ಬಿದ್ರೆ ಹಂಗಾಗತ್ತೆ. ಪ್ರಾಣಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಗಂಟೆಗೆ 64 ಕಿಲೋಮೀಟರ್ ಆಸುಪಾಸಿನ ಪೆಟ್ಟಿಗೇ ಜಾಸ್ತಿ ಹಂಗಾಯ್ತು, ಅಂದ್ರೆ ಇದಕ್ಕೆ ಭಾರೀ ವೇಗದ ಪಿಚ್ಚೇ ಬೇಕು ಅಂತಿಲ್ಲ. ಹೆಚ್ಚು ಆಗೋದು ಹದಿಹರೆಯದ ಹುಡುಗರಿಗೆ, ಎದೆಗೂಡು ಇನ್ನೂ ಬಳುಕೋ ವಯಸ್ಸು. ನಮ್ ಕಡೆ ಪ್ರಾಕ್ಟೀಸ್ ಮ್ಯಾಚಿಗೆ ಅಂಪೈರಾಗಿ ನಿಲ್ಲಿಸೋದು ಅದೇ ವಯಸ್ಸಿನ ಜೂನಿಯರ್ ಹುಡುಗರನ್ನೇ ಅಲ್ವಾ, ಅದಕ್ಕೆ ಹೇಳ್ತಿರೋದು.

ಹಳೇ ಪ್ಯಾಡುಗಳು ಇದನ್ನ ತಡೀತಿರ್ಲಿಲ್ಲ, ಪ್ಯಾಡ್ ಹಾಕಿದ್ದವರೂ ಕುಸಿದಿದ್ದಾರೆ. ಆಮೇಲೆ ಆಟದ ಸಾಮಾನಿನ ಸುರಕ್ಷತೆಗೆ ಮಾನದಂಡ ಇಡೋ ಅಮೆರಿಕದ ನಾಕ್ಸೀ (NOCSAE) ಸಂಸ್ಥೆ ಇದಕ್ಕೇ ಅಂತ ಎನ್‌ಡಿ200 ಅನ್ನೋ ಟೆಸ್ಟ್ ತಂತು, 2020ರ ಜನವರಿ 1ರಿಂದ ಅಲ್ಲಿನ ಹೈಸ್ಕೂಲ್ ಬೇಸ್‌ಬಾಲಲ್ಲಿ ಕ್ಯಾಚರುಗಳು ಆ ಮುದ್ರೆ ಇರೋ ಪ್ಯಾಡನ್ನೇ ಹಾಕಬೇಕು ಅಂತ ರೂಲಾಯ್ತು. ಆ ರೂಲು ಅಂಪೈರಿಗಲ್ಲ. ಹಂಗಾಗಿ ಅಂಪೈರ್ ಗಾರ್ಡು ದುಬಾರಿ ಅಂದ ಮಾತ್ರಕ್ಕೆ ಈ ಟೆಸ್ಟ್ ಪಾಸಾಗಿದೆ ಅಂತ ಅನ್ಕೋಬೇಡಿ, ಮುದ್ರೆ ಇದೆಯಾ ಅಂತ ಲೇಬಲ್ ನೋಡಿ. ಒಂದು ವಿಚಿತ್ರ ಏನಂದ್ರೆ ಮುದ್ರೆ ಇರೋ ಹೊಸ ಕ್ಯಾಚರ್ ಪ್ಯಾಡು ಈ ಒಂದು ವಿಷ್ಯದಲ್ಲಿ ಮುದ್ರೆ ಇಲ್ಲದ ಅಂಪೈರ್ ಗಾರ್ಡಿಗಿಂತ ಹೆಚ್ಚು ಭರವಸೆ ಕೊಡತ್ತೆ. ಹದಿನಾರು ಹದಿನೇಳರ ಹುಡುಗನನ್ನ ಪ್ರಾಕ್ಟೀಸಿಗೆ ನಿಲ್ಲಿಸ್ತೀರಿ ಅಂದ್ರೆ ಅವನಿಗೆ ಅಂಥ ಮುದ್ರೆಯ ಕ್ಯಾಚರ್ ಪ್ಯಾಡೇ ಕೊಡಿ, ನಾನು ಮೇಲೆ ಅಷ್ಟೆಲ್ಲ ಬೈದಿದ್ರೂ. ಯಾರಾದ್ರೂ ಕುಸಿದ್ರೆ ನೀರು ಚಿಮುಕಿಸ್ತಾ ಕೂರಬೇಡಿ, ತಕ್ಷಣ ಎದೆ ಒತ್ತೋಕೆ ಶುರು ಮಾಡಿ, 108ಕ್ಕೆ ಫೋನ್ ಮಾಡಿಸಿ, ಶಾಕ್ ಕೊಡೋ ಎಇಡಿ ಮಿಷನ್ ಕಾಲೇಜಲ್ಲಿ ಇದ್ರೆ ಓಡಿ ತರಿಸಿ. ಮೈಸೂರಲ್ಲಿ ಕೆಆರ್‌ಎಸ್ ರೋಡಲ್ಲಿ ಜಯದೇವ ಆಸ್ಪತ್ರೆ ಇದೆ ನಿಜ, ಆದ್ರೆ ಇಲ್ಲಿ ಒಂದೊಂದು ನಿಮಿಷಕ್ಕೂ ಬದುಕೋ ಅವಕಾಶ ಕೈಜಾರ್ತಾ ಹೋಗತ್ತೆ, ಆಸ್ಪತ್ರೆ ಮುಟ್ಟೋ ತನಕ ಕೈಕಟ್ಟಿ ಕೂರೋ ಹಂಗಿಲ್ಲ.

ತರಿಸೋದು ಹೆಂಗೆ ಅಂತೀರಾ. ಮೀರತ್, ಜಲಂಧರ್ ಕಡೆಯಿಂದ ಬರೋ ಸಾಫ್ಟ್‌ಬಾಲ್ ಬೇಸ್‌ಬಾಲ್ ಸಾಮಾನಲ್ಲಿ ಕ್ಯಾಚರ್ ಪ್ಯಾಡು ಸುಲಭವಾಗಿ ಸಿಗತ್ತೆ, ಗಟ್ಟಿ ಪ್ಲೇಟಿನ ಅಂಪೈರ್ ಗಾರ್ಡು ಹುಡುಕಬೇಕು. ಅಮೆರಿಕದಿಂದ ಪಾರ್ಸೆಲ್ ತರಿಸಿದ್ರೆ ಸಾಮಾನಿನ ಬೆಲೆ ಒಂದು, ಶಿಪ್ಪಿಂಗು ಕಸ್ಟಮ್ಸ್ ಸೇರಿ ಇನ್ನೊಂದು, ಆರ್ಡರ್ ಮಾಡೋ ಮುಂಚೆ ಪೂರ್ತಿ ಲೆಕ್ಕ ಹಾಕ್ಕೊಳ್ಳಿ. ಕುವೆಂಪುನಗರ ಸರಸ್ವತಿಪುರಂ ಕಡೆ ಯಾರ ಮನೇಲಿ ಅಮೆರಿಕದಲ್ಲಿರೋ ಮಗನೋ ಅಳಿಯನೋ ಇಲ್ಲ ಹೇಳಿ, ರಜಕ್ಕೆ ಬರೋವಾಗ ಸೂಟ್‌ಕೇಸಲ್ಲಿ ಹಾಕ್ಕೊಂಡು ಬರೋಕೆ ಹೇಳಿ, ಗಾರ್ಡಿನ ಗುಳಿಯೊಳಗೆ ಬಟ್ಟೆ ತುಂಬಿದ್ರೆ ಜಾಗವೂ ಹಾಳಾಗಲ್ಲ, ಪ್ಲೇಟೂ ಒತ್ತಿ ಬಿರುಕು ಬಿಡಲ್ಲ. ಸೆಕೆಂಡ್‌ಹ್ಯಾಂಡ್ ಸಿಕ್ರೆ ಬೇಡ ಅನ್ನಲ್ಲ, ಆದ್ರೆ ಫೋಮನ್ನ ಹೆಬ್ಬೆರಳಲ್ಲಿ ಒತ್ತಿ ಬಿಟ್ಟು ನೋಡಿ, ಗುಳಿ ಹಂಗೇ ಉಳಿದ್ರೆ ಫೋಮ್ ಸತ್ತಿದೆ ಅಂತ. ರಿವೆಟ್ ಸುತ್ತ ಕೂದಲೆಳೆ ಬಿರುಕು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ, ಬಿರುಕಿದ್ರೆ ಬಿಟ್ಟಿ ಕೊಟ್ರೂ ಬೇಡ.

ಶರಟಿನ ವಿಷ್ಯ ಯಾರೂ ಹೇಳ್ಕೊಡಲ್ಲ. ಗಾರ್ಡ್ ಒಳಗೆ ಹಾಕೋದ್ರಿಂದ ನಿಮ್ ಮಾಮೂಲಿ ಸೈಜಿನ ಶರಟು ಭುಜದಲ್ಲಿ ಹಿಡಿದು ಗಾರ್ಡನ್ನ ಕೆಳಕ್ಕೆ ಎಳೀತಿರತ್ತೆ. ಒಂದು ಸೈಜು ದೊಡ್ಡದು ತಗೊಳ್ಳಿ, ಇಲ್ಲಾಂದ್ರೆ ಶಿವರಾಂಪೇಟೆಲೋ ನಿಮ್ ಬೀದೀಲೋ ಟೈಲರ್ ಹತ್ರ ಹೋಗಿ ಗಾರ್ಡ್ ಹಾಕ್ಕೊಂಡೇ ಅಳತೆ ಕೊಟ್ಟು ಬೆನ್ನಿಗೆ ಎರಡು ಪ್ಲೀಟ್ ಬಿಡಿಸಿ, ಟೈಲರ್ ಒಂದು ನಿಮಿಷ ನಿಮ್ಮನ್ನ ವಿಚಿತ್ರವಾಗಿ ನೋಡ್ತಾನೆ, ಆಮೇಲೆ ಹೊಲಿದು ಕೊಡ್ತಾನೆ. ಬೇಸಿಗೆ ಮ್ಯಾಚಿಗೆ ತಿಳಿ ಬಣ್ಣದ್ದು.

ಮ್ಯಾಚ್ ಮುಗಿದ ಮೇಲೆ ಬ್ಯಾಗಲ್ಲಿ ತುರುಕಿ ಮಾರನೇ ವಾರದ ತನಕ ಬಿಡಬೇಡಿ, ಮಳೆಗಾಲದಲ್ಲಂತೂ ಎರಡೇ ದಿನಕ್ಕೆ ಬೂಷ್ಟು ಹಿಡಿಯತ್ತೆ. ಒಳ ಪ್ಯಾಡು ಬಿಚ್ಚಿ ಸೋಪು ನೀರಲ್ಲಿ ಕೈಯಲ್ಲೇ ತೊಳೆದು ನೆರಳಲ್ಲಿ ಒಣಗಿಸಿ, ವಾಷಿಂಗ್ ಮಿಷನ್ನಿಗೆ ಹಾಕಬೇಡಿ, ಬಿಸ್ಲಿಗೂ ಹಾಕಬೇಡಿ. ಗಾರ್ಡನ್ನ ದಪ್ಪ ಹ್ಯಾಂಗರಲ್ಲಿ ನೇತುಹಾಕಿ, ಮೇಲೆ ಭಾರ ಇಟ್ರೆ ಭುಜದ ಟೋಪಿ ಆಕಾರ ಕೆಡತ್ತೆ. ವೆಲ್ಕ್ರೋದಲ್ಲಿ ಹುಲ್ಲಿನ ಮುಳ್ಳು, ದಾರ, ಕೆಮ್ಮಣ್ಣು ತುಂಬ್ಕೊಂಡು ಹಿಡಿತ ಹೋಗತ್ತೆ, ಹಳೇ ಟೂತ್‌ಬ್ರಷ್ಷಲ್ಲಿ ಕೆರೆದು ತೆಗೀರಿ. ಪ್ಲೇಟಿಗಿಂತ ಮೊದ್ಲು ಹೋಗೋದು ಬೆನ್ನಿನ ಎಲಾಸ್ಟಿಕ್ಕೇ, ಅದು ಜಗ್ಗಿ ಹೋಯ್ತು ಅಂತ ಹೊಸ ಗಾರ್ಡ್ ತಗೊಳ್ಳೋದು ಬೇಡ, ಸ್ಕೂಲ್ ಬ್ಯಾಗ್ ರಿಪೇರಿ ಮಾಡೋರ ಹತ್ರ ಹೋದ್ರೆ ಅದೇ ಅಗಲದ ಎಲಾಸ್ಟಿಕ್ ಹಾಕಿ, ಪ್ಲಾಸ್ಟಿಕ್ ಬಕಲ್ಲನ್ನೂ ಹೊಲಿದು ಕೊಡ್ತಾರೆ, ನೂರಿನ್ನೂರು ರೂಪಾಯಿ ಕೆಲಸ, ಹಳೇ ಪಟ್ಟೀನ ಅಳತೆಗೆ ಅಂತ ಜೊತೇಲಿ ತಗೊಂಡು ಹೋಗಿ.